ಹದಿನಾಲ್ಕನೇ ಕೇಂದ್ರದ ಕಾಗದ

ಲೋಕದಲ್ಲಿ ಮಹಾಪಾಪಗಳು ಐದಂತೆ. ನಮ್ಮ ಪ್ರಯೋಗಾಲಯದಲ್ಲಿ ಒಂದೇ. ಗಾಳಿಯ ದೂಳು ಹಿಡಿಯುವ ಕಾಗದವನ್ನು ಬೆರಳಿನಿಂದ ಮುಟ್ಟುವುದು. ರಾಜ್ಯದಲ್ಲಿ ಗಾಳಿ ಪರೀಕ್ಷಿಸುವ ನಲವತ್ತು ಕೇಂದ್ರಗಳ ಪೈಕಿ ಹದಿನಾಲ್ಕನೆಯದರ ಕಾಗದದಲ್ಲಿ ಮಾತ್ರ ದಿನವೂ ಐದು ಬೆರಳ ಗುರುತು. ಅದನ್ನು ಬದಲಿಸುತ್ತಿದ್ದ ನನ್ನ ಭಾವನ ಕೆಲಸಕ್ಕೇ ಸಂಚಕಾರ ಬಂತು.

“ಚಿಮಟದಲ್ಲೇ ಹಿಡಿತೀನಿ ಕಣೋ, ಬಾ, ಕಣ್ಣಾರೆ ನೋಡು!” ಎಂದು ಮಧ್ಯಾಹ್ನ ನನ್ನನ್ನು ಆ ಕೇಂದ್ರದ ತಾರಸಿಗೆ ಎಳೆದೊಯ್ದರು.

ಗಾಳಿಯನ್ನು ಕಾಗದದ ಮೂಲಕ ಎಳೆಯುವ ಯಂತ್ರದ ಪೆಟ್ಟಿಗೆ ಸುಡುಬಿಸಿಲಲ್ಲೂ ತಣ್ಣಗಿತ್ತು. ಭಾವ ಚಿಮಟ ಚಾಚಿದರು. ಕೈ ಸರಕ್ಕನೆ ಒಳಗೆ ಹೋಯಿತು.

“ಬಿಡ್ಸೋ!”

ವೈರು ಕಿತ್ತೆ. ಯಂತ್ರ ಎಳೆಯುತ್ತಲೇ ಇತ್ತು. ಮಣಿಕಟ್ಟು ಲಟಕ್ಕೆಂದು ಮುರಿದು ತುಂಡಾಗಿ, ನೆತ್ತರು ನನ್ನ ಮುಖಕ್ಕೆ ಚಿಮ್ಮಿತು. ಪೆಟ್ಟಿಗೆಯನ್ನೆಲ್ಲ ಬಿಚ್ಚಿದರೂ ಕೈ ಸಿಗಲಿಲ್ಲ.

“ಇನ್ಮೇಲೆ ಮುಟ್ಟಿದೆ ಅನ್ನೋಕೆ ಕೈಯೇ ಇಲ್ವಲ್ಲೋ,” ಎಂದರು ಭಾವ, ಆಸ್ಪತ್ರೆಯ ಮಂಚದಿಂದ.

ಈಗ ಕಾಗದವನ್ನು ನಾನೇ ಬದಲಿಸುತ್ತೇನೆ, ಚಿಮಟದಲ್ಲೇ. ಅದರಲ್ಲಿ ಹತ್ತು ಬೆರಳ ಗುರುತಿರುತ್ತದೆ.