ಐವತ್ತೆರಡು ಕೆಜಿಯ ಹುಡುಗಿ

ಫರ್ಹತ್ ಪಾದವನ್ನು ಜೋರಾಗಿ ಪಕ್ಕಕ್ಕೆ ತಿರುಗಿಸಿದ್ದೇ ತಡ, ಬೂಟನ್ನು ಹಲಗೆಗೆ ಕಚ್ಚಿ ಹಿಡಿದಿದ್ದ ಬೈಂಡಿಂಗ್ ಟಪ್ಪೆಂದು ಬಿಚ್ಚಿಕೊಂಡಿತು. ಮುಗ್ಗರಿಸಿದವಳು ಪಕ್ಕದ ಹೊಲಿಗೆ ಮಷಿನ್ನಿನ ಟೇಬಲ್ಲು ಹಿಡಿದುಕೊಂಡಳು. ಆಸಿಂ ಕೈ ಚಾಚಿದ್ದ. ಹಿಡಿಯುವ ಧೈರ್ಯವಾಗದೆ ಕೈ ಅಲ್ಲೇ ಗಾಳಿಯಲ್ಲಿ ನಿಂತಿತ್ತು.

"ಮೂರನೇ ಸಲ ಬಿಚ್ತು ನೋಡ್ರಿ," ಎಂದಳು. "ಗುಲ್ಮಾರ್ಗದಾಗ ಹಿಂಗಾದ್ರ ನಾನೊಂದು ಕಡಿ, ಹಲಗಿ ಒಂದು ಕಡಿ."

"ನಿಮ್ಮ ತೂಕಕ್ಕ ತಕ್ಕಂಗ ಬಿಗಿ ಇಟ್ಟೀನ್ರಿ ಟೀಚರ್."

ಫರ್ಹತ್ ನಗುತ್ತಲೇ ಬಗ್ಗಿ ಬೂಟು ಸರಿಮಾಡಿಕೊಂಡಳು. ಆಮೇಲೆ ನಗು ನಿಂತಿತು.

"ನನ್ನ ತೂಕ ನಿಮಗ ಯಾರು ಹೇಳಿದ್ರು?"

ಬಳ್ಳಾರಿ ಗಾಂಧಿನಗರದ ಆ ಅಂಗಡಿಯಲ್ಲಿ ಆಸಿಂ ಜೀನ್ಸ್ ಹೊಲಿಯುವ ಮಷಿನ್ನುಗಳನ್ನು ರಿಪೇರಿ ಮಾಡುತ್ತಾನೆ. ಫರ್ಹತ್ ಸಿರುಗುಪ್ಪದವಳು, ದೇಶನೂರಿನ ಶಾಲೆಯಲ್ಲಿ ಪಿಟಿ ಟೀಚರ್. ಹೋದ ಚಳಿಗಾಲ ಗುಲ್ಮಾರ್ಗಕ್ಕೆ ಹೋಗಿ ಹದಿನಾಲ್ಕು ದಿನ ಹಿಮದ ಮೇಲೆ ಜಾರುವುದನ್ನು ಕಲಿತು ಬಂದಿದ್ದಳು. ಈ ಸಲ ಬಾಡಿಗೆಯದು ಬೇಡ, ಸ್ವಂತ ಸ್ಕೀಬೋರ್ಡ್ ಬೇಕೆಂದು ಹಟ. ಸ್ಕೀಬೋರ್ಡ್ ಅಂದರೆ ಆಕೆಯ ಸೊಂಟದ ಮಟ್ಟಕ್ಕೆ ಬರುವ ಗಿಡ್ಡ ಹಲಗೆಗಳು. ಕೈಯಲ್ಲಿ ಕೋಲು ಬೇಕಿಲ್ಲ.

ಅಕ್ಕನ ಹೊಲಿಗೆ ಮಷಿನ್ನು ರಿಪೇರಿಗೆ ತಂದ ದಿನ ಮೊಬೈಲಿನಲ್ಲಿ ಎರಡು ಜೊತೆಗಳ ಫೋಟೊ ತೋರಿಸಿ, ಯಾವುದು ತಗೊಳ್ಳಲಿ ಎಂದು ಸುಮ್ಮನೆ ಕೇಳಿದ್ದಳು. ಒಂದರ ಬೈಂಡಿಂಗ್ ಬಿದ್ದರೂ ಬೂಟನ್ನು ಬಿಡುವುದಿಲ್ಲ. ಇನ್ನೊಂದರದು ಕಾಲು ತಿರುಚಿದರೆ ತಾನಾಗಿ ಬಿಡುತ್ತದೆ. ಹಿಮವನ್ನು ಫ್ರಿಜ್ಜಿನಲ್ಲಿ ಮಾತ್ರ ಕಂಡಿದ್ದ ಆಸಿಂ ಫೋಟೊ ದೊಡ್ಡದು ಮಾಡಿ ನೋಡಿ ಹೇಳಿದ್ದ: "ಬಿಡೋದನ್ನ ತಗೋರಿ. ದಾರ ಸಿಕ್ಕಾಕ್ಕೊಂಡ್ರ ಮಷಿನ್ನಿನ ಕ್ಲಚ್ ಬಿಟ್ಕೊಡ್ತೈತಿ. ಇಲ್ಲಂದ್ರ ಒಳಗಿಂದು ಮುರೀತೈತಿ. ಕಾಲಿಗೂ ಅದ ನ್ಯಾಯ."

ಹಿಮವನ್ನೇ ಕಾಣದವನ ಮಾತು ಗುಲ್ಮಾರ್ಗದ ಕೋಚ್ ಹೇಳಿದ್ದಕ್ಕೆ ಸರಿಯಾಗಿ ಹೊಂದಿತ್ತು. ಆಕೆ ಆ ಜೊತೆಯನ್ನೇ ತರಿಸಿದಳು. ಅದು ಬಂದಾಗಿನಿಂದ ಪ್ರತಿ ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟವಳೇ ಬಳ್ಳಾರಿ ಬಸ್ಸು ಹತ್ತಿದಳು. ಒಂದು ಶನಿವಾರ ಹಲಗೆಯ ಉಕ್ಕಿನ ಅಂಚಿಗೆ ಅರ ಹಿಡಿಯುವುದು ಕಲಿತರು. ಇನ್ನೊಂದು ಶನಿವಾರ ಹಳೇ ಇಸ್ತ್ರಿಪೆಟ್ಟಿಗೆಯಲ್ಲಿ ಮೇಣ ಕರಗಿಸಿ ಅಡಿಭಾಗಕ್ಕೆ ಸವರಿದರು. "ಹೊಗಿ ಬರಬಾರದು, ಬಂದ್ರ ಹಲಗಿ ಸುಡ್ತು ಅಂತ ತಿಳೀರಿ," ಎನ್ನುತ್ತ ಆತ ಇಸ್ತ್ರಿ ನೋಡುವುದು ಬಿಟ್ಟು ಆಕೆಯ ಮುಖ ನೋಡುತ್ತಿದ್ದ. "ಹೊಗಿ ಬಂತು," ಎಂದು ಆಕೆಯೇ ಎಚ್ಚರಿಸಬೇಕಾಯಿತು. ಸಾಮಾನು ಒದ್ದೆ ಇಟ್ಟರೆ ಅಂಚು ತುಕ್ಕು ಹಿಡಿಯುತ್ತದೆಂದು ಆತ ಅದೇ ಮಾತನ್ನು ಮೂರು ಸಲ ಹೇಳಿದ. ಮೂರು ಸಲವೂ ಆಕೆ ಹೊಸದಾಗಿ ಕೇಳಿದವಳಂತೆ ತಲೆಯಾಡಿಸಿದಳು.

ಈಗ ಅದೇ ಮನುಷ್ಯ ಸ್ಕ್ರೂಡ್ರೈವರನ್ನು ಒಂದು ಕೈಯಿಂದ ಇನ್ನೊಂದಕ್ಕೆ ದಾಟಿಸುತ್ತ ನಿಂತಿದ್ದ.

"ಕೇಳಿದ್ದಕ್ಕ ಉತ್ತರ ಕೊಡ್ರಿ. ಎಷ್ಟು ಅಂತ ಹಾಕೀರಿ?"

"ಐವತ್ತೆರಡು."

ಆ ಸಂಖ್ಯೆ ಜಗತ್ತಿನಲ್ಲಿ ಒಂದೇ ಕಡೆ ಇತ್ತು. ಫರ್ಹತಳ ಅಣ್ಣ ಮದುವೆಗೆಂದು ಟೈಪು ಮಾಡಿಸಿದ ಬಯೋಡೇಟಾದಲ್ಲಿ.

"ನಮ್ಮ ಮನಿಗೆ ಬಂದಿತ್ರಿ," ಎಂದ ಆಸಿಂ, ನೆಲ ನೋಡುತ್ತ. "ಹೋದ ರಂಜಾನಿನಾಗ. ಕುರುಗೋಡಿನಿಂದ ಅಮ್ಮಿ ವಾಟ್ಸಾಪ್ ಮಾಡಿದ್ರು. ನೀವು ಮದ್ಲನೇ ದಿನ ಅಂಗಡಿಗೆ ಬಂದಾಗ್ಲೇ ಗುರ್ತು ಹಿಡದೆ."

"ಮತ್ತ ಏನು ಉತ್ತರ ಕಳಿಸಿದ್ರಿ?"

ಇನ್ನೂ ಉತ್ತರ ಕಳಿಸಿಲ್ಲ ಎಂದು ಒಂದು ಸುಳ್ಳು ಹೇಳಿದ್ದರೆ ಮುಗಿಯುತ್ತಿತ್ತು. ಆದರೆ ಅವನ ಮಾತು ನಂಬಿ ಆಕೆ ಗುಡ್ಡ ಇಳಿಯಬೇಕಿತ್ತು.

"ಬ್ಯಾಡ ಅಂದಿದ್ದೆ."

ಫರ್ಹತ್ ಬೂಟು ಬಿಚ್ಚತೊಡಗಿದಳು. ಬೇಡ ಅಂದವರು ಅನೇಕರಿದ್ದರು, ಯಾರ ಮುಖವನ್ನೂ ಆಕೆ ನೋಡಿರಲಿಲ್ಲ. ಈ ಮುಖವನ್ನು ನೋಡಲೆಂದೇ ಮೂರು ಶನಿವಾರ ಬಸ್ಸಿನಲ್ಲಿ ನಿಂತುಕೊಂಡು ಬಂದಿದ್ದಳು. ಕಣ್ಣು ತುಂಬಿ ಬಂತು, ಬೂಟಿನ ಬಕಲ್ಲು ಕಾಣಿಸಲಿಲ್ಲ.

"ಅದ್ರಾಗ ಕಸೂತಿ, ಹೊಲಿಗಿ ಅಂದ್ರ ಇಷ್ಟ ಅಂತ ಬರದಿತ್ತು," ಎಂದ ಆಸಿಂ ಕಂಗಾಲಾಗಿ. "ದಿನಾ ಹೊಲಿಗಿ ಮಷಿನ್ನಿನ ನಡುವ ಸಾಯ್ತೀನಿ, ಮನ್ಯಾಗೂ ಅದ ಏನು ಅಂತ... ಹಿಮದಾಗ ಜಾರ್ತೀನಿ ಅಂತ ಒಂದು ಸಾಲು ಬರದಿದ್ರ ಅವತ್ತ ಓಡಿ ಬರ್ತಿದ್ದೆ. ಈಗ ಹೇಳ್ತೀನಿ ಕೇಳ್ರಿ. ನೀವಂದ್ರ ನನಗ ಇಷ್ಟ. ಶನಿವಾರ ಬಂತಂದ್ರ ಹತ್ತು ಗಂಟಿಯಿಂದ ಬಾಗಲಾ ನೋಡ್ಕೋತ ಕುಂದರ್ತೀನಿ."

ಫರ್ಹತ್ ತಲೆ ಎತ್ತಲಿಲ್ಲ. ಬಕಲ್ಲಿನ ಮೇಲೆ ಬೆರಳುಗಳು ಮಾತ್ರ ನಿಂತವು.

"ಸೂಜಿಗೆ ದಾರ ಹಾಕಾಕ ಬರಂಗಿಲ್ಲ ನನಗ," ಎಂದಳು ಕೊನೆಗೆ. "ಆ ಹುಡುಗೀನ ನಾನಾಗಿದ್ರೂ ಬ್ಯಾಡ ಅಂತಿದ್ದೆ. ಬರಕೋರಿ. ತೂಕ ಅರವತ್ತೊಂದು."

ಆಸಿಂ ಬೈಂಡಿಂಗಿನ ಜೊತೆ ಬಂದಿದ್ದ, ಯಾರಿಗೆ ಎಷ್ಟು ಬಿಗಿ ಎಂದು ಹೇಳುವ ಪಟ್ಟಿ ಬಿಡಿಸಿ ಬರೆದುಕೊಂಡ.

"ಎತ್ತರ ಐದಡಿ ನಾಲ್ಕಿಂಚು, ಅದು ಖರೇನ. ವಯಸ್ಸು..." ಎಂದು ತಡೆದಳು. ಬಯೋಡೇಟಾದಲ್ಲಿ ಇಪ್ಪತ್ತೊಂಬತ್ತಿತ್ತು. ಆಸಿಂನಿಗೆ ಮೂವತ್ತೊಂದೆಂದು ಆಕೆಗೆ ಗೊತ್ತಿತ್ತು. ಈ ಒಂದು ಮಾತಿಗೆ ಹಿಂದೆ ಸರಿದ ಮನೆಗಳೂ ಗೊತ್ತಿದ್ದವು.

"ಮೂವತ್ನಾಲ್ಕು," ಎಂದಳು, ಅವನ ಕಣ್ಣನ್ನೇ ನೋಡುತ್ತ.

ಆಸಿಂ ಪಟ್ಟಿಯ ಮೇಲೆ ಬೆರಳಾಡಿಸಿದ. "ಐವತ್ತರತನಕ ವಯಸ್ಸಿನ ಲೆಕ್ಕ ಬರಂಗಿಲ್ರಿ ಇದ್ರಾಗ."

"ಅದನ್ನ ಮದ್ಲ ಹೇಳಬಾರದಾ!"

ಇಬ್ಬರಿಗೂ ನಗು ಬಂತು. ಆತ ಕುಕ್ಕರಗಾಲಲ್ಲಿ ಕೂತು ಎರಡೂ ಬೈಂಡಿಂಗಿನ ಸ್ಕ್ರೂಗಳನ್ನು ಹೊಸ ಗುರುತಿಗೆ ತಿರುಗಿಸಿದ. "ಗುಲ್ಮಾರ್ಗದಾಗ ಅಂಗಡಿಯವರ ಕಡಿಂದ ಇನ್ನೊಮ್ಮೆ ಚೆಕ್ ಮಾಡಿಸ್ರಿ," ಎಂದ. ಆಕೆ ಬೂಟು ಬಿಗಿದು ಹಲಗೆ ಏರಿ ಪಾದ ತಿರುಚಿದಳು. ಬೈಂಡಿಂಗ್ ಕದಲಲಿಲ್ಲ.

"ಇದು ಮುಗೀತು," ಎಂದಳು. "ನಿಮ್ಮ ಅಮ್ಮಿ ಪಟ್ಟಿಯೊಳಗ ವಯಸ್ಸಿನ ಲೆಕ್ಕ ಇರ್ತೈತಲ್ರಿ?"

ಆಸಿಂ ಮೊಬೈಲು ತೆಗೆದು, ಅಮ್ಮಿಗೆ ಫೋನು ಹಚ್ಚಿ, ಸ್ಪೀಕರ್ ಹಾಕಿ, ಟೇಬಲ್ಲಿನ ಮೇಲಿಟ್ಟ.

"ಅಮ್ಮೀ, ಹೋದ ರಂಜಾನಿನಾಗ ಬ್ಯಾಡ ಅಂದಿದ್ದೆನಲ್ಲ, ಸಿರುಗುಪ್ಪದ ಟೀಚರ್, ನಂಗ ಈಗ ಅಕೀನ ಬೇಕು. ಆದ್ರ ಅಕಿಗೆ ಇಪ್ಪತ್ತೊಂಬತ್ತಲ್ಲಂತ. ಮೂವತ್ನಾಲ್ಕಂತ."

ಕುರುಗೋಡಿನ ಕಡೆ ಕುಕ್ಕರ್ ಒಂದು ಸೀಟಿ ಹೊಡೆಯಿತು.

"ಯಾರು ಹೇಳಿದ್ರಲೇ ನಿನಗ?"

"ಅಕೀನ ಹೇಳಿದ್ಲು."

"ತಾನ ಬಾಯಿಬಿಟ್ಟು ಹೇಳಿದ್ಲಾ?"

"ಹೂಂ ಅಮ್ಮೀ."

"ಹಂಗಾರ ತಡಾ ಯಾಕ," ಎಂದರು ಅಮ್ಮಿ. "ನಾಳಿ ಐತ್ವಾರ. ಹೋಗಿ ಹುಡುಗಿ ಕೇಳೂಣು."