ಅಣ್ಣ ನೆನೆಸಿಕೊಟ್ಟ ಪೀಪಿ

ಜೊಲ್ಲು ಪರೀಕ್ಷಿಸುವ ಲಾಲಾಶೋಧಕ ಯಂತ್ರದ ಕೆಂಪು ದೀಪ ಹೊತ್ತಿಕೊಂಡದ್ದನ್ನು ಕಂಡು ನಾಗಸ್ವರದ ವರದಯ್ಯ ಕುರ್ಚಿಯಿಂದ ದಡಕ್ಕನೆ ಎದ್ದ.

ಕಿವಿಯ ಕೆಳಗಿನ ನೆಲ್ಲಿಕಾಯಿ ಗಾತ್ರದ ಗಂಟನ್ನು ಎರಡು ವರ್ಷ ಉಡಾಫೆ ಮಾಡಿದ್ದ ಮಹಾರಾಯ ಅವನು. ಹಿಂದಿನ ಕಾಲದಲ್ಲಾದರೆ ಸೂಜಿ ಚುಚ್ಚಿ, ಚೂರು ತೆಗೆದು, ದಿನಗಟ್ಟಲೆ ಕಾಯಬೇಕಿತ್ತು. ಜೊಲ್ಲುಗ್ರಂಥಿಯ ಗೆಡ್ಡೆಗಳಲ್ಲಿ ಹೆಚ್ಚಿನವು ನಿರುಪದ್ರವಿ. ಕೆಲವು ಮಾತ್ರ ಕ್ಯಾನ್ಸರ್. ಯಾವುದೇ ಇರಲಿ, ತನ್ನ ಗುರುತನ್ನು ಜೊಲ್ಲಿನಲ್ಲಿ ಬಿಡುತ್ತದೆ. ಈ ಯಂತ್ರ ಒಂದೇ ಹನಿಯಲ್ಲಿ ಅದನ್ನು ಹಿಡಿಯುತ್ತದೆ.

"ಕ್ಯಾನ್ಸರೇ. ಮುಖದ ನರವನ್ನೂ ತೆಗೀಬೇಕಾಗಬಹುದು. ಬಾಯಿ ಸೊಟ್ಟಗಾಗುತ್ತೆ," ಎಂದರು ಡಾಕ್ಟರ್ ಶಾಲ್ಮಲಿ.

"ಅಯ್ಯೋ ಶಿವನೇ! ಆಮೇಲೆ ಊದೋದು ಹೆಂಗೆ ತಾಯಿ?"

ಡಾಕ್ಟರು ಪರದೆಯನ್ನೇ ದಿಟ್ಟಿಸುತ್ತಿದ್ದರು. "ಇದೇನ್ರೀ! ಈ ಹನೀಲಿ ಇಬ್ಬರ ಜೊಲ್ಲಿದೆ! ಏನೂ ತಿನ್ನಬೇಡಿ, ಕುಡೀಬೇಡಿ ಅಂದಿದ್ದೆನಲ್ಲ?"

"ತಿಂದಿಲ್ಲ ಕಣವ್ವ. ಧೈರ್ಯಕ್ಕೆ ಪೀಪಿ ಒಂದ್ಸಲ ಬಾಯಿಗಿಟ್ಟೆ, ಅಷ್ಟೇಯ."

ನಾಗಸ್ವರದ ತುದಿಗೆ ಸಿಕ್ಕಿಸುವ ಜೊಂಡಿನ ಪೀಪಿ ಒಣಗಿದರೆ ಸ್ವರ ಹೊರಡದು. ಡೋಲು ಬಾರಿಸುವ ಅಣ್ಣ ಗವಿಯಪ್ಪ ಮೂವತ್ತು ವರ್ಷದಿಂದ ಅದನ್ನು ತನ್ನ ದವಡೆಯಲ್ಲಿ ನೆನೆಸಿಯೇ ತಮ್ಮನಿಗೆ ಕೊಡುತ್ತಿದ್ದ. ಈ ಎಂಜಲಿನ ನಂಟನ್ನು ಯಂತ್ರ ಮಾಡಿದವರು ಕನಸಿನಲ್ಲೂ ಎಣಿಸಿರಲಿಲ್ಲ.

ಬಾಯಿ ಮುಕ್ಕಳಿಸಿ, ಒಂದು ಗಂಟೆ ಬಿಟ್ಟು ವರದಯ್ಯ ಮತ್ತೆ ಹನಿ ಕೊಟ್ಟ. ಹಸಿರು ದೀಪ! ಗಂಟು ನಿರುಪದ್ರವಿ, ನರ ಉಳಿಸಿಯೇ ತೆಗೆಯಬಹುದು.

"ಬದುಕ್ಕೊಂಡೆ ಕಣಣ್ಣಾ!" ಎಂದು ಕುಣಿದವನು ತಟ್ಟನೆ ನಿಂತ. ಹಾಗಾದರೆ ಕೆಂಪು ದೀಪ ಹೊತ್ತಿಸಿದ್ದು ಯಾರ ಜೊಲ್ಲು? ತಮ್ಮನ ಜೊತೆಗೆಂದು ಬಂದು ಮೂಲೆಯಲ್ಲಿ ಕೂತಿದ್ದ ಗವಿಯಪ್ಪನ ದವಡೆಯಲ್ಲಿ ಆಗಲೂ ಪೀಪಿ ಇತ್ತು.

ಅವನೂ ಬಾಯಿ ಮುಕ್ಕಳಿಸಿ ಕೊಟ್ಟ ಹನಿಗೆ ದೀಪ ಕೆಂಪಾಯಿತು. ಕೂಡಲೇ ಸ್ಕ್ಯಾನ್ ಮಾಡಿಸಿ ಡಾಕ್ಟರು ಹೇಳಿದರು: "ಗೆಡ್ಡೆ ಮುಟ್ಟಿದರೂ ಸಿಗದಷ್ಟು ಆಳದಲ್ಲಿದೆ. ತಮ್ಮನಿಗೆ ಗಂಟು ಬರದಿದ್ದರೆ ಗೊತ್ತೇ ಆಗ್ತಿರಲಿಲ್ಲ. ಈಗಲೇ ತೆಗೆದರೆ ಉಳೀತೀರಿ. ಆದರೆ ನರ ಉಳಿಯೋದು ಕಷ್ಟ."

ಗವಿಯಪ್ಪ ತನ್ನ ದವಡೆ ಸವರಿಕೊಂಡ. "ಓಗ್ಲಿ ಬುಡವ್ವ. ಡೋಲಿಗೆ ಬಾಯಿ ಯಾಕೆ?" ಎಂದ. ಜೇಬಿಗಿಟ್ಟಿದ್ದ ಪೀಪಿ ತೆಗೆದು ಪಂಚೆಯ ಅಂಚಿನಿಂದ ಉಜ್ಜಿ ಉಜ್ಜಿ ಒರೆಸಿದ. "ಇನ್ಮೇಲೆ ನೀನೇ ನೆನೆಸ್ಕೋ," ಎಂದು ತಮ್ಮನತ್ತ ಚಾಚಿದ.

ವರದಯ್ಯ ಪೀಪಿ ಹಿಡಿದು ಡಾಕ್ಟರ ಕಡೆ ತಿರುಗಿದ. "ಇದು ಅಂಟ್ತದಾ ತಾಯಿ?"

"ಇಲ್ಲಪ್ಪ, ಅಂಟೋ ರೋಗ ಅಲ್ಲ."

"ಒಣಗೋಯ್ತದೆ ಕಣಣ್ಣ, ನೆನೆಸ್ಕೊಡು," ಎಂದು ಪೀಪಿಯನ್ನು ಅಣ್ಣನ ಕೈಗೇ ತಿರುಗಿ ಇಟ್ಟು, ಎಳೆಮಗುವಿನಂತೆ ಅತ್ತುಬಿಟ್ಟ.