ಹಸಿರು ಸೋಪಿನ ತೂಕ

ಅರ್ಧ ಇಳಿದ ಶಟರಿನಡಿ ಬಗ್ಗಿ ಆದಿಲಕ್ಷ್ಮಿ ಒಳಗೆ ನುಗ್ಗಿದಳು. ಗಲ್ಲಾದ ಮೇಲೆ ಎರಡು ಹಸಿರು ಸೋಪುಗಳನ್ನು ಪಕ್ಕಪಕ್ಕದಲ್ಲಿಟ್ಟಳು.

"ನೋಡ್ರಿ."

ತಿಮ್ಮರಾಜು ಶಾಂಪೂ ಬಾಟಲಿಗಳನ್ನು ರಟ್ಟಿನ ಡಬ್ಬಕ್ಕೆ ತುಂಬುತ್ತಿದ್ದ. ತಲೆಯೆತ್ತಲಿಲ್ಲ. "ಅಂಗಡಿ ಮುಚ್ಚೈತೆ."

"ಎಲ್ಲಿಗೆ ಹೊಂಟೀರಿ?"

"ಮಡಕಶಿರಕ್ಕೆ. ಚಿಕ್ಕಪ್ಪಂದು ರೇಷ್ಮೆ ಐತೆ. ಹುಳ ಸೊಪ್ಪು ತಿಂತವೆ, ರೇಟು ಕೇಳಲ್ಲ."

ಅವಳು ಸಾಲಾಗಿಟ್ಟ ಡಬ್ಬಗಳ ಕಡೆ ನೋಡಿದಳು. ಈ ಡಬ್ಬಗಳನ್ನು ಕಟ್ಟಿಸಿದವಳು ತಾನೇ...

ರಾಯದುರ್ಗದ ಜೀನ್ಸ್ ಘಟಕದಲ್ಲಿ ಅವಳು ಜೇಬು ಹೊಲಿಯುವವಳು. ವಾರದ ಕೂಲಿ ಬಟವಾಡೆಯ ಸಂಜೆ ಅವಳ ಸಾಲಿನ ಹುಡುಗಿಯರೆಲ್ಲ ಬರುತ್ತಿದ್ದುದು ತಿಮ್ಮರಾಜುವಿನ ಈ ಡಿಸ್ಕೌಂಟ್ ಅಂಗಡಿಗೇ. ಅವಳು ಬಾಯಿ ತೆರೆಯುವ ಮೊದಲೇ ಹಸಿರು ಸೋಪನ್ನು ಎತ್ತಿಟ್ಟಿರುತ್ತಿದ್ದ ಅವನು. ಆ ಒಂದು ಸೋಪಿಗಾಗಿ ಅವಳು ವಾರವೆಲ್ಲ ಕಾಯುತ್ತಿದ್ದಳು.

ಆಮೇಲೆ ಬಸ್ ಸ್ಟ್ಯಾಂಡಿನೆದುರು ದೊಡ್ಡ ಕಂಪನಿಯ ಮಳಿಗೆ ತೆರೆಯಿತು. ಅದೇ ಸೋಪು ಅಲ್ಲಿ ನಾಲ್ಕು ರೂಪಾಯಿ ಕಡಿಮೆ.

ನನಗೇ ಮೋಸ ಮಾಡಿದನೇ?

ಮರುದಿನ ಜೇಬಿನ ಕಟ್ಟಿನ ಜೊತೆ ಆ ಮಾತನ್ನೂ ಪಕ್ಕದ ಮಷೀನಿಗೆ ದಾಟಿಸಿದಳು. ಸೊಂಟಪಟ್ಟಿ ಹೊಲಿಯುವವರನ್ನು ತಲುಪುವಾಗ ನಾಲ್ಕು ರೂಪಾಯಿ ಹತ್ತಾಗಿತ್ತು. ಗುಂಡಿ ಹಾಕುವ ಓಬಮ್ಮನ ಹತ್ತಿರ ಹೋಗುವಷ್ಟರಲ್ಲಿ ಅವನ ಶಾಂಪೂವೇ ನಕಲಿಯಾಗಿತ್ತು.

ಆದಿಲಕ್ಷ್ಮಿಗೆ ಎಲ್ಲವೂ ಕೇಳಿಸಿತು. ಅವಳು ತಿದ್ದಲಿಲ್ಲ. ಒಬ್ಬೊಬ್ಬರಾಗಿ ಎಲ್ಲರೂ ಈ ಅಂಗಡಿ ಬಿಟ್ಟರು.

ಇವತ್ತು ಟ್ರಂಕಿನ ತಳದಲ್ಲಿ, ಸಿಟ್ಟಿಗೆ ಬಿಚ್ಚದೆ ಎಸೆದಿದ್ದ ಅವನ ಸೋಪು ಸಿಕ್ಕಿತ್ತು. ದೊಡ್ಡ ಮಳಿಗೆಯ ಸೋಪಿನ ಪಕ್ಕ ಇಟ್ಟು ನೋಡಿದರೆ... ಅದೇ ಬಣ್ಣ, ಅದೇ ಹೊದಿಕೆ. ಮಳಿಗೆಯದು ಮಾತ್ರ ತೆಳ್ಳಗೆ.

"ನಿಮ್ಮದು ನೂರಾ ಇಪ್ಪತ್ತೈದು ಗ್ರಾಮು. ಅವರದು ಬರೇ ನೂರು," ಎಂದಳು. "ತೂಕ ಹಿಡಿದ್ರ ನಿಮ್ಮದ ಅಗ್ಗ. ನಮಗ ಪೀಸಿನ ಮ್ಯಾಲ ಕೂಲಿ ಅಲ್ಲೇನ್ರಿ... ಸಣ್ಣದಿರ್ಲಿ ದೊಡ್ಡದಿರ್ಲಿ, ಪೀಸಂದ್ರ ಪೀಸು. ಸೋಪೂ ಹಂಗ ಅನ್ಕೊಂಡೆ. ಮಾತು ಎಬ್ಬಿಸಿದಾಕಿ ನಾನ."

"ಗೊತ್ತು."

"ಗೊತ್ತಿದ್ರ ಯಾಕ ಸುಮ್ನಿದ್ರಿ?"

"ಬೇರೆ ಯಾರಾದ್ರೂ ಆಗಿದ್ರೆ ಜಗಳಕ್ಕೆ ಹೋಗಿರ್ತಿದ್ದೆ. ನೀನೇ ಅಂತ ಗೊತ್ತಾದ್ಮೇಲೆ ಬಾಯೇ ಬರ್ಲಿಲ್ಲ."

ಅವಳ ಕಣ್ಣು ತುಂಬಿತು. "ಬ್ಯಾರೆ ಯಾರದರ ಅಂಗಡಿ ಆಗಿದ್ರ ನನಗೂ ಅಷ್ಟು ಸಿಟ್ಟು ಬರ್ತಿರಲಿಲ್ರಿ..."

ಅವನ ಕೈಯಲ್ಲಿದ್ದ ಬಾಟಲಿ ಡಬ್ಬಕ್ಕೆ ಹೋಗಲಿಲ್ಲ. ಮೆಲ್ಲಗೆ ಮತ್ತೆ ಶೆಲ್ಫಿಗೆ ಹೋಯಿತು.

"ಹೋಗಬ್ಯಾಡ್ರಿ," ಎಂದಳು.

"ಹೋಗಲ್ಲ ಬಿಡು." ಅವನ ಮುಖದಲ್ಲಿ ನಗು ಸುಳಿಯಿತು. "ಆದ್ರೆ ನಿಜ ಗೊತ್ತಾದ್ರೆ ನಿನ್ನ ಸಾಲಿನೋರು ಸುಮ್ನೆ ಬಿಡ್ತಾರಾ? ಆ ಓಬಮ್ಮ ಒಬ್ಳೇ ಸಾಕು, ಮುಂದಿನ ಯುಗಾದಿ ತನಕ ಆಡ್ಕಂತಾಳೆ."

ಅವನು ಒಂದು ರಟ್ಟು ಹರಿದು ಮಾರ್ಕರ್ ತೆಗೆದ. "ತಪ್ಪು ರೇಟು ಹಾಕಿದ್ದೆ, ಈಗ ಸರಿ ಮಾಡಿದೀನಿ ಅಂತ ನಾನೇ ಬೋರ್ಡ್ ಬರೀತೀನಿ. ತಪ್ಪು ನನ್ನ ಮೇಲಿರ್ಲಿ. ನಿನ್ನ ಹೆಸ್ರೇ ಬರಲ್ಲ."

ಅವನು ಮೊದಲ ಅಕ್ಷರ ಬರೆಯುವಷ್ಟರಲ್ಲಿ ಅವಳು ಆ ಕೈ ಹಿಡಿದಳು. ಬಿಡಲಿಲ್ಲ.

"ಉಲ್ಟಾ ಹೊಲಿದಾಕಿ ತಾನ ಹೊಲಿಗಿ ಬಿಚ್ಚಬೇಕು. ನಮ್ಮ ಸಾಲಿನಾಗ ಅದ ರೂಲು. ನಾಳೆ ಎಲ್ಲಾರಿಗೂ ನಾನ ಹೇಳ್ತೀನ್ರಿ."

"ಎಲ್ಲರ ಮುಂದೆ ಅವಮಾನ ಆಗ್ತೈತೆ ಕಣೆ. ಬರೀಲಾ?"

"ಬ್ಯಾಡ."